‘ಯಾವ ದೇಶ?’ ಎಂದರೆ ಯಲ್ಲಾಪುರ

ವಡಾಲಕ್ಕೆ ಬಂದು ಏಳು ವರ್ಷವಾಯಿತು. ಬೆಳಗಿನ ಹಾರ್ಬರ್ ಲೈನಿನ ಲೋಕಲ್‌ನಲ್ಲಿ ಯಾರಿಗೂ ಯಾರ ಮುಖ ನೋಡಲೂ ಪುರುಸೊತ್ತಿಲ್ಲ. ರಾಮಮಂದಿರದ ಹತ್ತಿರದ ಅಂಗಡಿಯ ಮಾಮ್ ಮೊದಮೊದಲು ನನ್ನ ಬಾಯಲ್ಲಿ ಕೊಂಕಣಿ ಕೇಳಿ ಬೆರಗಾಗುತ್ತಿದ್ದರು. ಈಗ ‘ಊರಲ್ಲಿ ಮಳೆ ಹೇಗಿದೆ?’ ಎಂದಷ್ಟೇ ವಿಚಾರಿಸುತ್ತಾರೆ. ನಾನು ಯಲ್ಲಾಪುರ ತಾಲ್ಲೂಕಿನ ಸಿದ್ದಿ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಹೊಟ್ಟೆಪಾಡಿಗೆ ಜಾವಾ.

ಆದರೆ ನಗರ ದಾಟಿ ಸಣ್ಣ ಊರಿಗೆ ಹೋದರೆ ಲೆಕ್ಕ ಬೇರೆ. ಕಳೆದ ಡಿಸೆಂಬರ್‌ನ ಒಂದು ಶನಿವಾರ ಆಫೀಸಿನ ಇಬ್ಬರು ಗೆಳೆಯರ ಜೊತೆ ಮುರುಡ್‌ಗೆ ಹೊರಟೆ. ಒಬ್ಬ ಹುಬ್ಬಳ್ಳಿಯವನು, ಇನ್ನೊಬ್ಬ ನಾಶಿಕ್‌ನವನು. ವಡಾಲದಿಂದ ನಾಲ್ಕನೇ ಸ್ಟೇಷನ್ ಡಾಕ್‌ಯಾರ್ಡ್ ರೋಡ್. ಅಲ್ಲಿ ಇಳಿದು ಭಾವುಚಾ ಧಕ್ಕಾದಲ್ಲಿ ರೋ-ರೋ ಹಡಗು ಹತ್ತಿದರೆ ಸುಮಾರು ಒಂದು ತಾಸಿಗೆ ಮಾಂಡ್ವಾ. ಮುಂದೆ ರಸ್ತೆಯಲ್ಲಿ ಅಲಿಬಾಗ್, ರೇವದಂಡಾ, ಕಾಶಿದ್. ಮುರುಡ್ ಹತ್ತಿರವಾದಂತೆ ತೆಂಗು, ಅಡಿಕೆ ತೋಟ, ಹೆಂಚಿನ ಮನೆ. ನಮ್ಮ ಅಂಕೋಲೆ ಕಡೆಗೇ ಬಂದ ಹಾಗಿತ್ತು.

ತಂಗಬೇಕಿದ್ದ ಮನೆಯ ಯಜಮಾನರು ಗೆಳೆಯರಿಬ್ಬರ ಆಧಾರ್ ಕಾರ್ಡ್ ತೆಗೆದುಕೊಂಡರು. ನನ್ನನ್ನು ನೋಡಿ ‘ಪಾಸ್‌ಪೋರ್ಟ್’ ಎಂದರು. ನಾನೂ ಆಧಾರ್ ಕೊಟ್ಟೆ. ಅದನ್ನು ಹಿಂದೆ ಮುಂದೆ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿ, ಯಾರಿಗೋ ಫೋನ್ ಹಚ್ಚಿದರು. ಹುಬ್ಬಳ್ಳಿಯವನಿಗೆ ಸಿಟ್ಟು ನೆತ್ತಿಗೇರಿತು. ‘ಇವಾ ನಮ್ಮಾವ ಅದಾನ್ರೀ, ನಮ್ಮೂರಿಂದ ಎರಡು ತಾಸಿನ ಹಾದಿ’ ಎಂದು ಕನ್ನಡದಲ್ಲೇ ರೇಗಿದ. ನಾನು ಮರಾಠಿಯಲ್ಲಿ ನಿಧಾನವಾಗಿ ಹೇಳಿದೆ: ‘ಕಾಕಾ, ನನ್ನ ಊರು ಕರ್ನಾಟಕದ ಯಲ್ಲಾಪುರ. ನನ್ನ ಹತ್ತಿರ ಪಾಸ್‌ಪೋರ್ಟೇ ಇಲ್ಲ.’ ಅರ್ಧ ತಾಸಿನ ಮೇಲೆ ಕೋಣೆ ಸಿಕ್ಕಿತು.

ಅವರನ್ನು ಕೆಟ್ಟವರೆನ್ನಲಾರೆ. ವಿದೇಶಿಯರು ತಂಗಿದರೆ 24 ತಾಸಿನೊಳಗೆ ಸರ್ಕಾರಕ್ಕೆ ಮಾಹಿತಿ ಕೊಡಬೇಕೆಂಬ ನಿಯಮವಿದೆ, ತಪ್ಪಿದರೆ ಕೇಸು. ಅವರಿಗೆ ಪೊಲೀಸರ ಭಯ. ಆದರೆ ಯಾರು ವಿದೇಶಿ ಎಂದು ತೀರ್ಮಾನಿಸಲು ಅವರ ಬಳಿಯಿದ್ದದ್ದು ನನ್ನ ಮೈಬಣ್ಣ, ಗುಂಗುರು ಕೂದಲು ಮಾತ್ರ. ರಾತ್ರಿ ಮೀನೂಟದ ಜೊತೆ ಸೋಲ್‌ಕಢಿಯನ್ನು ಎರಡನೇ ಸಲ ಅವರೇ ಬಡಿಸಿದರು. ‘ನಮ್ಮಲ್ಲಿ ಇದನ್ನೇ ಮುರುಗಲು ಅಂತೀವಿ’ ಎಂದಾಗ ನಕ್ಕರು.

ಇದು ನಡೆದದ್ದು ಬೇರೆಲ್ಲೂ ಅಲ್ಲ, ಮುರುಡ್‌ನಲ್ಲಿ ಎಂಬುದೇ ಸೋಜಿಗ. ಅರಬ್ಬಿಯಲ್ಲಿ ‘ಜಜೀರಾ’ ಎಂದರೆ ದ್ವೀಪ. ಅದರಿಂದಲೇ ಬಂದ ಹೆಸರು ಜಂಜಿರಾ. 17ನೇ ಶತಮಾನದಿಂದ ಆ ಕೋಟೆಯನ್ನೂ ಸುತ್ತಲಿನ ಸೀಮೆಯನ್ನೂ ಆಳಿದವರು ಆಬಿಸೀನಿಯಾ ಮೂಲದ ಸಿದ್ದಿಗಳು. ಶಿವಾಜಿ, ಸಂಭಾಜಿ ಮಹಾರಾಜರಿಗೂ ಅದು ಮಣಿಯಲಿಲ್ಲ. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತ ಸೇರಿತು. ಉತ್ತರ ಕನ್ನಡವೂ 1956ರವರೆಗೆ ಮುಂಬಯಿಗೇ ಸೇರಿತ್ತು. ಅಂದರೆ ಎಂಟು ವರ್ಷ ಮುರುಡ್ ಮತ್ತು ಯಲ್ಲಾಪುರ ಒಂದೇ ರಾಜ್ಯದ ಊರುಗಳು.

ಮರುದಿನ ರಾಜಪುರಿಯಿಂದ ಹಾಯಿದೋಣಿಯಲ್ಲಿ ಕೋಟೆಗೆ ಹೋದೆವು. ಗೈಡ್ ‘ಹಬ್ಶಿ’ಗಳ ಕ್ರೌರ್ಯದ ಕಥೆ ಹೇಳುತ್ತಿದ್ದಂತೆ ಕೂತವರೆಲ್ಲ ಒಮ್ಮೆ ನನ್ನತ್ತ ನೋಡಿದರು. ಒಬ್ಬರು ಸೆಲ್ಫಿ ಕೇಳಿದರು. ನಿನ್ನೆ ವಿದೇಶಿ, ಇವತ್ತು ಕಥೆಯ ಖಳ. ವಾಸ್ತವದಲ್ಲಿ ನಮ್ಮ ಹಿರಿಯರು ನವಾಬರೂ ಅಲ್ಲ. ಬಹುಪಾಲು ಮಂದಿಯನ್ನು ಪೋರ್ಚುಗೀಸರು ಗೋವೆಗೆ ಗುಲಾಮರನ್ನಾಗಿ ತಂದರು, ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು ಎನ್ನುತ್ತದೆ ಇತಿಹಾಸ.

ಇದರಲ್ಲಿ ಮಹಾರಾಷ್ಟ್ರವನ್ನು ಮಾತ್ರ ದೂರಿದರೆ ನ್ಯಾಯವಲ್ಲ. ಮಾಗೋಡು, ಸಾತೊಡ್ಡಿ ಜಲಪಾತ ನೋಡಲು ಬರುವ ನಮ್ಮ ಕನ್ನಡಿಗರೇ ದಾರಿಯಲ್ಲಿ ಕಾರು ನಿಲ್ಲಿಸಿ, ‘ಆಫ್ರಿಕಾದವರು’ ಎಂದು ನಮ್ಮ ಮಕ್ಕಳ ಫೋಟೊ ಹೊಡೆಯುತ್ತಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದರು. ಆದರೂ ಸ್ವಂತ ತಾಲ್ಲೂಕಿನ ಬಸ್‌ನಲ್ಲಿ ‘ನಿಮಗೆ ಕನ್ನಡ ಬರುತ್ತಾ?’ ಎಂಬ ಪ್ರಶ್ನೆ ತಪ್ಪಿಲ್ಲ.

ಹಾಗಂತ ತಿರುಗಾಟ ಬಿಡುವವನು ನಾನಲ್ಲ. ಈಗ ಕೋಣೆ ಕಾಯ್ದಿರಿಸುವಾಗ ಫೋನಿನಲ್ಲೇ ಹೆಸರು, ಊರು ಹೇಳಿ ಆಧಾರ್ ಫೋಟೊ ಕಳಿಸಿಬಿಡುತ್ತೇನೆ. ಬೇರೆಯವರು ಯಾರೂ ಮಾಡಬೇಕಿಲ್ಲದ ಕೆಲಸ, ಗೊತ್ತು. ಆದರೆ ಬರುವ ಜನವರಿಯಲ್ಲಿ ಅವ್ವ ವಡಾಲಕ್ಕೆ ಬರುತ್ತಾಳೆ. ಸಿದ್ದಿಯರು ಆಳಿದ ಕೋಟೆಯನ್ನು ಅವಳಿಗೊಮ್ಮೆ ತೋರಿಸಬೇಕು. ಕೌದಿ ಹೊಲಿದು ನನ್ನನ್ನು ಓದಿಸಿದವಳು ಅವಳು. ಅವಳನ್ನು ಯಾರೂ ಬಾಗಿಲಲ್ಲಿ ಅರ್ಧ ತಾಸು ನಿಲ್ಲಿಸಬಾರದು. ಮುರುಡ್‌ನ ಆ ಕಾಕಾಗೇ ಫೋನ್ ಮಾಡಿದ್ದೆ. ‘ಯಲ್ಲಾಪುರದವರಲ್ಲವೇ? ಬನ್ನಿ’ ಎಂದಿದ್ದಾರೆ.