ರಾಯಚೂರ ಕದನವೂ ಅಸದಖಾನನ ರಾಯಭಾರವೂ

ಕೃಷ್ಣಾ ತುಂಗಭದ್ರೆಗಳ ನಡುವಣ ಭೂಮಿಗೆ ಶಾಸನಗಳಲ್ಲಿ ಎಡೆದೊರೆನಾಡೆಂಬ ಹೆಸರುಂಟು. ರಾಯಚೂರು ನಗರವೂ, ಅದರ ವಾಯವ್ಯಕ್ಕೆ ಕೃಷ್ಣೆಯ ಕಡೆಗಿರುವ ದೇವದುರ್ಗವೂ, ನೈಋತ್ಯಕ್ಕೆ ತುಂಗಭದ್ರೆಯ ಕಡೆಗಿರುವ ಮಾನ್ವಿಯೂ ಈ ನಾಡಿನೊಳಗಣ ಸ್ಥಳಗಳು. ಇದಕ್ಕಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ, ಅವರ ತರುವಾಯ ವಿಜಾಪುರದ ಆದಿಲಶಾಹರೂ ತಲೆತಲಾಂತರವಾಗಿ ಹೋರಾಡಿದರು. ಕ್ರಿ. ಶ. 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಗೆದ್ದುಕೊಂಡ ಸಂಗತಿಯು ಸುಪ್ರಸಿದ್ಧವಾದುದು. ಆ ಗೆಲುವಿನ ಬಳಿಕ ನಡೆದ ಸಂಧಾನವಾದರೋ ಗೆಲುವಿನಷ್ಟೇ ವಿಚಾರಾರ್ಹವಾಗಿದೆ. ಅದರ ನಡುನಾಯಕನು ಅಸದಖಾನ ಲಾರಿ.

ಈತನು ಪರದೇಶದವನು. ಪಾರಸಿಕ ದೇಶದ ಲಾರ್ ಸೀಮೆಯಿಂದ ಬಂದ ಈತನ ಮೊದಲ ಹೆಸರು ಖುಸ್ರು. ಬಾಲಕನಾಗಿದ್ದ ಇಸ್ಮಾಯಿಲ ಆದಿಲಶಾಹನನ್ನು ಪದಚ್ಯುತಗೊಳಿಸಲು ಹವಣಿಸಿದವರ ಬಲವನ್ನು ಮುರಿಯುವಲ್ಲಿ ನೆರವಾದುದಕ್ಕಾಗಿ ಈತನಿಗೆ ಅಸದಖಾನನೆಂಬ ಬಿರುದೂ ಬೆಳಗಾವಿಯ ಜಹಗೀರಿಯೂ ದೊರೆತವೆಂದು ಫೆರಿಶ್ತಾ ಬರೆದಿರುವನು.

ಯುದ್ಧದ ಕಾರಣವನ್ನು ಪೋರ್ತುಗೀಸ ಕುದುರೆ ವ್ಯಾಪಾರಿಯಾದ ನ್ಯೂನಿಜನು ಹೀಗೆ ಹೇಳುತ್ತಾನೆ: ಗೋವೆಯಲ್ಲಿ ಕುದುರೆಗಳನ್ನು ಕೊಳ್ಳಲೆಂದು ರಾಯನು ಸೈಯದ್ ಮರಕಾರನ ಕೈಯಲ್ಲಿ 40,000 ಪರ್ದಾವುಗಳನ್ನು ಕೊಟ್ಟು ಕಳುಹಿಸಿದನು, ಅವನು ಹಣದೊಡನೆ ಆದಿಲಶಾಹನ ಆಶ್ರಯಕ್ಕೆ ಓಡಿಹೋದನು, ಅವನನ್ನು ಒಪ್ಪಿಸಬೇಕೆಂಬ ಬೇಡಿಕೆಯು ನಿಷ್ಫಲವಾಯಿತು. ಮಾತು ಸೋತೆಡೆಯಲ್ಲಿ ಕತ್ತಿಯು ಹೊರಟಿತು. ಆದಿಲಶಾಹನು ಕೃಷ್ಣೆಯನ್ನು ದಾಟಿಬಂದು ಸಂಪೂರ್ಣವಾಗಿ ಸೋತನು. ಅಸದಖಾನನು ಒಡೆಯನನ್ನು ರಣರಂಗದಿಂದ ಪಾರುಮಾಡಿದನು. ದಂಡನಾಯಕನಾದ ಸಲಾಬತಖಾನನು ಕಡೆಯವರೆಗೂ ಕಾದಾಡಿ ಸೆರೆಸಿಕ್ಕಿದನು. ಬಳಿಕ ಕೋಟೆಯು ರಾಯನ ವಶವಾಯಿತು.

ಆದಿಲಶಾಹನ ದೂತನು ವಿಜಯನಗರಕ್ಕೆ ಬಂದಾಗ ರಾಯನು ಅವನನ್ನು ಬಹುದಿನ ಕಾಯಿಸಿದನು. ಆದಿಲಶಾಹನು ತಾನೇ ಬಂದು ತನ್ನ ಪಾದವನ್ನು ಚುಂಬಿಸಿದರೆ ಗೆದ್ದುದೆಲ್ಲವನ್ನೂ ಹಿಂದಿರುಗಿಸುವುದಾಗಿ ಅವನ ಉತ್ತರ. ಭೂಮಿಗಿಂತ ಮಾನವು ಹಿರಿದೆಂದು ಎಣಿಸಿದ ಈ ಷರತ್ತನ್ನು ಸುಲ್ತಾನನು ಒಪ್ಪುವಂತೆಯೂ ಇರಲಿಲ್ಲ, ಬಾಯಿಬಿಟ್ಟು ತಳ್ಳುವಂತೆಯೂ ಇರಲಿಲ್ಲ. ರಾಯನು ಮುದುಗಲ್ಲಿನವರೆಗೂ ಬಂದನು, ಸುಲ್ತಾನನು ಬರಲಿಲ್ಲ. ರಾಯನ ಸೈನ್ಯವು ವಿಜಾಪುರವನ್ನೇ ಹೊಕ್ಕು ಹಾಳುಗೆಡವಿತು. ಆಗ ಅಸದಖಾನನು ತಾನಾಗಿ ರಾಯಭಾರಕ್ಕೆ ಮುಂದಾದನು. ಸುಲ್ತಾನನು ಬಾರದಿರುವುದಕ್ಕೆ ಸೆರೆಯಲ್ಲಿರುವ ಸಲಾಬತಖಾನನ ಗುಪ್ತ ಸಲಹೆಯೇ ಕಾರಣವೆಂದು ಆತನು ರಾಯನನ್ನು ನಂಬಿಸಲು, ರಾಯನು ಸೆರೆಯಾಳಿನ ತಲೆಯನ್ನು ಕಡಿಸಿದನು. ಒಡೆಯನನ್ನು ಕರೆತರುವೆನೆಂದು ಹೊರಟ ಅಸದಖಾನನು ಮರಳಿ ಬರಲಿಲ್ಲ. ರಣದಿಂದ ಮೊದಲು ಓಡಿದವರಾರೆಂಬುದನ್ನು ಬಲ್ಲ ಸಲಾಬತಖಾನನು ಬಿಡುಗಡೆಹೊಂದಿದರೆ ತನಗೆ ಕೇಡೆಂಬ ಭಯವೇ ಈ ಕುಟಿಲಕ್ಕೆ ಮೂಲವೆಂದು ನ್ಯೂನಿಜನ ಅಭಿಪ್ರಾಯ.

ಇದನ್ನು ಎಷ್ಟರಮಟ್ಟಿಗೆ ನಂಬಬಹುದು? ನ್ಯೂನಿಜನು ಸುಮಾರು ಹದಿನೈದು ವರ್ಷಗಳ ಮೇಲೆ ವಿಜಯನಗರದಲ್ಲಿ ಕೇಳಿದುದನ್ನು ಬರೆದವನು. ಶತ್ರುಪಕ್ಷದ ಮಂತ್ರಿಯನ್ನು ಆ ನಗರದವರು ಹೊಗಳುವುದು ಸಂಭವವಲ್ಲ. ಫೆರಿಶ್ತಾ 17ನೆಯ ಶತಮಾನದ ಆದಿಯಲ್ಲಿ ವಿಜಾಪುರದಲ್ಲಿ ಕುಳಿತು ಬರೆದವನು. ಪಾದಚುಂಬನದ ಮಾತನ್ನೇ ಆತನು ಎತ್ತುವುದಿಲ್ಲ. ಆದುದರಿಂದ ಸಲಾಬತಖಾನನ ರಕ್ತವನ್ನು ಅಸದಖಾನನ ತಲೆಗೆ ಕಟ್ಟಲು ಒಂದೇ ಕಡೆಯ ಸಾಕ್ಷ್ಯವು ಸಾಲದು. ಆದರೆ ಸೋತ ಸೇನೆಯನ್ನು ಮತ್ತೆ ಹೋರಾಟಕ್ಕೆ ನೂಕದೆ ಹಿಂದೆಗೆಯಬೇಕೆಂದು ಆತನು ಸಲಹೆಯಿತ್ತನೆಂಬಲ್ಲಿ ಇಬ್ಬರೂ ಒಂದಾಗುತ್ತಾರೆ. ಇದು ದೃಢವಾದ ಅಂಶ.

ಯುದ್ಧಾನಂತರದ ನಡವಳಿಕೆಯೂ ಇದಕ್ಕೆ ಹೊಂದುತ್ತದೆ. ಮೊದಲು ನೆರೆಯ ಸುಲ್ತಾನರನ್ನು ಒಲಿಸಿಕೊಂಡು ಬಳಿಕ ರಾಯಚೂರಿನತ್ತ ತಿರುಗಬೇಕೆಂಬುದು ಅಸದಖಾನನ ಮಂತ್ರ. ಅದರಂತೆ ಸುಲ್ತಾನನ ತಂಗಿಯನ್ನು ಅಹಮದನಗರದ ಬುರ್ಹಾನ ನಿಜಾಮಶಾಹನಿಗೆ ಕೊಟ್ಟು ಸೊಲ್ಲಾಪುರದಲ್ಲಿ ವಿವಾಹವಾಯಿತು. ಸೊಲ್ಲಾಪುರದ ಕೋಟೆಯು ಬಳುವಳಿಯಾಗಿ ಸಲ್ಲಬೇಕೆಂಬ ವಾದದಿಂದ ಬೀಗರೊಳಗೇ ಯುದ್ಧವಾದುದು ಈ ನೀತಿಯ ಕೊರತೆಯನ್ನು ತೋರಿಸುತ್ತದೆ. ಆದರೂ ವಿಜಾಪುರವು ಉಳಿಯಿತು, ಕಾಲವೂ ಕೂಡಿಬಂದಿತು. 1529ರಲ್ಲಿ ಕೃಷ್ಣದೇವರಾಯನು ತೀರಿಕೊಂಡನು. ಮರುವರ್ಷವೇ ಇಸ್ಮಾಯಿಲನು ರಾಯಚೂರು ಮುದುಗಲ್ಲುಗಳನ್ನು ಮರಳಿ ಪಡೆದನು.

ಅಸದಖಾನನು 1549ರಲ್ಲಿ ಬೆಳಗಾವಿಯಲ್ಲಿ ಮಡಿದನು. ಆ ಕೋಟೆಯ ಸಫಾ ಮಸೀದಿಯು ಆತನ ಹೆಸರನ್ನು ಉಳಿಸಿದೆ. ಪಾದಚುಂಬನವನ್ನು ಬಯಸಿ ರಾಯನು ಕಾಲವನ್ನು ಕಳೆದನು. ಆ ಕಾಲವನ್ನೇ ಅಸದಖಾನನು ತನ್ನ ಒಡೆಯನಿಗೆ ಗಳಿಸಿಕೊಟ್ಟನು. ಒಂದು ದಿನದ ಕಾಳಗದಲ್ಲಿ ಹೋದ ಎಡೆದೊರೆಯು ಹತ್ತು ವರ್ಷಗಳ ತಾಳ್ಮೆಯಿಂದ ಹಿಂದಿರುಗಿತೆಂಬುದೇ ಈ ರಾಯಭಾರದ ಫಲಿತಾಂಶ.