ಡಾಲರಿಗೆ ಹೆಸರು ಕೊಟ್ಟ ಕಣಿವೆ

ರಫ್ತು ಬಿಲ್ಲುಗಳಲ್ಲಿ ‘ಡಾಲರ್’ ಎಂಬ ಪದವನ್ನು ದಿನನಿತ್ಯ ಬರೆಯುವ ವರ್ತಕರಲ್ಲಿ ಅದರ ಹುಟ್ಟೂರನ್ನು ಬಲ್ಲವರು ವಿರಳ. ಆ ಊರು ಅಮೆರಿಕದಲ್ಲಿಲ್ಲ. ಚೆಕ್ ಗಣರಾಜ್ಯದ ವಾಯವ್ಯ ಅಂಚಿನಲ್ಲಿ, ಜರ್ಮನಿಯ ಗಡಿಗೆ ಸಮೀಪವಿರುವ ಯಾಖಿಮೋವ್ ಅದರ ತವರು. ಇಂದು ಅಲ್ಲಿನ ಜನಸಂಖ್ಯೆ ಮೂರು ಸಾವಿರಕ್ಕೂ ಕಡಿಮೆ.

ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಕಾರ್ಲೊವಿ ವಾರಿಯಿಂದ ಸುಮಾರು 20 ಕಿ.ಮೀ. ಉತ್ತರಕ್ಕೆ, ‘ಅದಿರಿನ ಬೆಟ್ಟ’ಗಳೆಂದೇ ಕರೆಯಲ್ಪಡುವ ಶ್ರೇಣಿಯ ಇಕ್ಕಟ್ಟಾದ ಕಣಿವೆಯಲ್ಲಿ ಈ ಊರು ಉದ್ದಕ್ಕೆ ಹಬ್ಬಿದೆ. ಶ್ರೇಣಿಯ ಅತ್ಯುನ್ನತ ಶಿಖರವಾದ 1,244 ಮೀಟರ್ ಎತ್ತರದ ಕ್ಲೀನೊವೆಟ್ಸ್ ಸಮೀಪದಲ್ಲೇ ಇದೆ. ಕೃಷಿಗೆ ಒದಗುವ ನೆಲವಲ್ಲ, ಸಂಪತ್ತೆಲ್ಲ ನೆಲದಡಿಯಲ್ಲೇ.

1516ರಲ್ಲಿ ಬೆಳ್ಳಿಯ ಆಸೆಯಿಂದ ಶ್ಲಿಕ್ ವಂಶದ ಸ್ಟೆಫಾನ್ ಎಂಬ ಜಮೀನ್ದಾರನು ಇಲ್ಲಿ ಊರು ಕಟ್ಟಿಸಿ, ಸಂತ ಯೊವಾಖಿಮನ ಹೆಸರಿಟ್ಟನು. ಜರ್ಮನ್ ಭಾಷೆಯಲ್ಲಿ ಅದು ಯೊವಾಖಿಮ್ಸ್‌ಟಾಲ್. ‘ಟಾಲ್’ ಎಂದರೆ ಕಣಿವೆ. 1520ರಲ್ಲಿ ನಾಣ್ಯ ಟಂಕಿಸಲು ಅನುಮತಿ ದೊರೆಯಿತು. ತೂಕವೂ ಶುದ್ಧತೆಯೂ ನಂಬಲರ್ಹವಾಗಿದ್ದುದರಿಂದ ಆ ದೊಡ್ಡ ಬೆಳ್ಳಿನಾಣ್ಯವನ್ನು ವರ್ತಕರು ದೂರದೂರದವರೆಗೆ ಒಪ್ಪಿಕೊಂಡರು. ಉದ್ದನೆಯ ಹೆಸರು ಬಾಯಲ್ಲಿ ಸವೆದು ‘ಟಾಲರ್’ ಆಯಿತು. ಅದೇ ಡಚ್ಚರಲ್ಲಿ ‘ಡಾಲ್ಡರ್’, ಇಂಗ್ಲಿಷರಲ್ಲಿ ‘ಡಾಲರ್’. 1785ರಲ್ಲಿ ಅಮೆರಿಕ ಆ ಹೆಸರನ್ನೇ ತನ್ನ ನಾಣ್ಯಕ್ಕೆ ಆರಿಸಿಕೊಂಡಿತು. ಟಾಲರ್ ವಂಶದ ಮತ್ತೊಂದು ನಾಣ್ಯವಾದ ಮರಿಯಾ ಥೆರೆಸಾ ಟಾಲರ್ ಕೆಂಪು ಸಮುದ್ರದ ಕಾಫಿ ವ್ಯಾಪಾರದಲ್ಲಿ ಬಹುಕಾಲ ಚಲಾವಣೆಯಲ್ಲಿತ್ತು. 1940-41ರಲ್ಲಿ ಅದನ್ನು ನಮ್ಮ ಮುಂಬಯಿಯ ಟಂಕಸಾಲೆಯಲ್ಲೂ ಅಚ್ಚು ಹಾಕಲಾಯಿತು. ಅವುಗಳ ಮೇಲಿದ್ದ ಇಸವಿ ಮಾತ್ರ 1780! ಗ್ರಾಹಕರಿಗೆ ಹಳೆಯ ಮುದ್ರೆಯ ಮೇಲೆಯೇ ನಂಬಿಕೆ.

ಇತ್ತ ಮೂಲ ಊರಿನ ವೈಭವ ಅಲ್ಪಾಯುಷಿಯಾಗಿತ್ತು. 1530ರ ದಶಕದಲ್ಲಿ ಸುಮಾರು 18 ಸಾವಿರ ಜನರಿದ್ದು, ಬೊಹೆಮಿಯಾದಲ್ಲಿ ಪ್ರಾಗ್ ನಗರದ ನಂತರದ ಸ್ಥಾನ ಪಡೆದಿತ್ತು. ಆದರೆ 1528ರಲ್ಲೇ ಟಂಕಸಾಲೆಯ ಹಕ್ಕನ್ನು ಅರಸನು ಶ್ಲಿಕ್ ಮನೆತನದಿಂದ ಕಿತ್ತುಕೊಂಡಿದ್ದನು. ಮುಂದೆ ಅಮೆರಿಕ ಖಂಡದ ಅಗ್ಗದ ಬೆಳ್ಳಿ ಮಾರುಕಟ್ಟೆಗೆ ಬಂದಿತು, ಗಣಿಗಳೂ ಬರಿದಾದವು.

ಬೆಳ್ಳಿಯೊಡನೆ ಸಿಗುತ್ತಿದ್ದ ಪಿಚ್‌ಬ್ಲೆಂಡ್ ಎಂಬ ಕಪ್ಪು ಕಲ್ಲನ್ನು ಗಣಿಗಾರರು ಅಪಶಕುನವೆಂದು ಎಸೆಯುತ್ತಿದ್ದರು. 19ನೆಯ ಶತಮಾನದಲ್ಲಿ ಅದರ ಯುರೇನಿಯಂನಿಂದ ಗಾಜಿಗೂ ಪಿಂಗಾಣಿಗೂ ಹಳದಿ ಬಣ್ಣ ತಯಾರಾಯಿತು. ಬಣ್ಣ ತೆಗೆದುಳಿದ ಕಸವನ್ನೇ ಕ್ಯೂರಿ ದಂಪತಿಗಳು ಪ್ಯಾರಿಸ್ಸಿಗೆ ತರಿಸಿಕೊಂಡು, 1898ರಲ್ಲಿ ತಾವು ಪತ್ತೆಹಚ್ಚಿದ್ದ ರೇಡಿಯಂ ಅನ್ನು ಬೇರ್ಪಡಿಸಲು ವರ್ಷಗಟ್ಟಲೆ ದುಡಿದರು. ಕಾರ್ಖಾನೆಯ ದಾಸ್ತಾನು ಪಟ್ಟಿಯಲ್ಲಿ ಶೂನ್ಯ ಬೆಲೆ ಕಟ್ಟುವ ವಸ್ತುವಿನ ನಿಜ ಮೌಲ್ಯವನ್ನು ಯಾವ ಲೆಕ್ಕಪರಿಶೋಧಕನು ತಾನೇ ಊಹಿಸಿಯಾನು?

ಆದರೆ ಈ ಲಾಭದ ಖರ್ಚಿನ ಬಾಬ್ತು ಯಾವ ಲೆಕ್ಕದಲ್ಲೂ ಸರಿಯಾಗಿ ನಮೂದಾಗಲಿಲ್ಲ. ಗಣಿಗಾರರು ತಲೆಮಾರುಗಳ ಕಾಲ ಶ್ವಾಸಕೋಶದ ಕಾಯಿಲೆಯಿಂದ ಸತ್ತರು. ಎರಡನೆಯ ಮಹಾಯುದ್ಧದ ತರುವಾಯ ಜರ್ಮನ್ ಭಾಷಿಕ ನಿವಾಸಿಗಳನ್ನು ಹೊರಹಾಕಲಾಯಿತು. ಸೋವಿಯತ್ ಒಕ್ಕೂಟಕ್ಕೆ ಯುರೇನಿಯಂ ಒದಗಿಸಲು ಕಮ್ಯುನಿಸ್ಟ್ ಸರಕಾರವು ರಾಜಕೀಯ ಕೈದಿಗಳನ್ನು ಶಿಬಿರಗಳಲ್ಲಿಟ್ಟು ದುಡಿಸಿತು. 1960ರ ದಶಕದಲ್ಲಿ ಅದಿರು ತೆಗೆಯುವುದು ನಿಂತಿತು.

ಹಳೆಯ ಟಂಕಸಾಲೆ ಈಗ ವಸ್ತುಸಂಗ್ರಹಾಲಯ. 2019ರಲ್ಲಿ ಯುನೆಸ್ಕೋ ಈ ಗಣಿ ಪ್ರದೇಶವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. 16ನೆಯ ಶತಮಾನದ ಸ್ವೋರ್ನೊಸ್ತ್ ಗಣಿಯಿಂದ ಇಂದಿಗೂ ಮೇಲೆ ಬರುವುದು ರೇಡಾನ್ ಬೆರೆತ ನೀರು. ಕೀಲುನೋವಿನ ರೋಗಿಗಳು ಹಣ ತೆತ್ತು ಅದರಲ್ಲಿ ಸ್ನಾನ ಮಾಡುತ್ತಾರೆ.