ನಿಮಗಿದು ಗೊತ್ತೆ? ಹಳೇ ಡೀಸೆಲ್ ಕಾರಿಗೂ ಏದುಸಿರು!

ಬೆಂಗಳೂರು ಬಳಿಯ ಶಿವಗಂಗೆ ಬೆಟ್ಟದ ಮೆಟ್ಟಿಲೇರುವಾಗ ಏದುಸಿರು ಬರುವುದು ನಮಗಷ್ಟೇ ಅಲ್ಲ. ದಾಬಸ್‌ಪೇಟೆಯಿಂದ ಬೆಟ್ಟದ ಬುಡಕ್ಕೆ ಬರುವ ಹಳೇ ಡೀಸೆಲ್ ಕಾರಿಗೂ ಬಂದೀತು!

• ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರು ಸೀಮೆಯಲ್ಲಿ ಗಾಳಿ ಕರಾವಳಿಗಿಂತ ಸುಮಾರು ಶೇ 8ರಷ್ಟು ತೆಳು. ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ನಿನ ಬಲವೂ ಅಷ್ಟಿಷ್ಟು ತಗ್ಗುತ್ತದೆ.

• ಆಕ್ಸಿಲರೇಟರ್ ಒತ್ತಿದಾಗ ಕಪ್ಪು ಹೊಗೆ ಬಂದರೆ, ಡೀಸೆಲ್‌ಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲವೆಂಬ ಸೂಚನೆ. ಮೊದಲು ಏರ್ ಫಿಲ್ಟರ್ ಬಿಚ್ಚಿ ತಟ್ಟಿ ನೋಡಿ. ಧೂಳು ಕಟ್ಟಿದ್ದರೆ ಬದಲಿಸಿ.

• ಟರ್ಬೊ ಕಾರಾದರೆ ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಹೋಸ್‌ನಲ್ಲಿ ಬಿರುಕು, ಎಣ್ಣೆ ಜಿಡ್ಡು ಇದೆಯೇ ಗಮನಿಸಿ. ಕ್ಲಿಪ್ ಸಡಿಲವಾದರೂ ಗಾಳಿ ಸೋರಿ ಪಿಕಪ್ ಕುಸಿಯುತ್ತದೆ.

• ಬಲ ಹೆಚ್ಚಿಸಲೆಂದು ಕಾನೂನು ಒಪ್ಪದ ಮಾರ್ಪಾಡು ಮಾಡಿಸಿದರೆ, ಮೋಟಾರು ವಾಹನ ಕಾಯ್ದೆಯಡಿ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡೂ!